ಕ್ಲಚ್ ಇಲ್ಲದ ಗಾಡಿ

ನಾ ಗೇರ್‌ಬಾಕ್ಸ್ ಬಿಚ್ಚೂ ಮನಷ್ಯಾ. ಹುಬ್ಬಳ್ಳಿ ಕಮರಿಪೇಟಿಯೊಳಗ ಒಂದು ಗ್ಯಾರೇಜಿನ್ಯಾಗ ನನ್ನ ಹರೇದ ವರ್ಷೆಲ್ಲಾ ಹೋದುವು. ಲಾರಿ ಇರಲಿ, ಟ್ರ್ಯಾಕ್ಟರ್ ಇರಲಿ, ಗಾಡಿ ಚಾಲೂ ಮಾಡಿ ಉದ್ದನ್ನ ಸ್ಕ್ರೂಡ್ರೈವರಿನ ತುದಿ ಗೇರ್‌ಬಾಕ್ಸಿಗೆ ಇಟ್ಟು, ಹಿಡಿಕಿ ಕಿವಿಗೆ ಹಚ್ಚಿದೆ ಅಂದ್ರ, ಯಾವ ಗೇರಿನ ಹಲ್ಲು ಸವದೈತಿ, ಯಾವ ಬೇರಿಂಗ್ ಹೋಗೈತಿ ಅಂತ ಕುಂತಲ್ಲೇ ಹೇಳತಿದ್ದೆ. ಮಂದಿ ಬಾಯಿಮ್ಯಾಲ ಕೈ ಇಟಗೊಂಡು ನೋಡತಿದ್ರು. ನಮ್ಮ ಉಸ್ತಾದರು ಕಲಿಸಿದ ವಿದ್ಯೆ ಅದು. ಇನ್ನೊಂದು ಮಾತೂ ಅವರು ಹೇಳಿದ್ರು. ನಾವು ಬಿಚ್ಚಿ ನೋಡಲಾರದ ಗಾಡಿ ಬಗ್ಗೆ ಗಿರಾಕಿಗೆ ಛಲೋ ಅಂತಾನೂ ಹೇಳಬಾರದು, ಕೆಟ್ಟ ಅಂತಾನೂ ಹೇಳಬಾರದು, ಸುಮ್ಮ ಇರಬೇಕು. ಆ ಮಾತು ನಾ ಒಮ್ಮೆ ಮುರದೆ. ಯಾವನೋ ಗಿರಾಕಿ ಮುಂದ ಅಲ್ಲ, ಒಡಹುಟ್ಟಿದ ಅಣ್ಣನ ಮುಂದ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡಾಂವ. ಅಪ್ಪ ಲಗೂನ ತೀರಿಕೊಂಡ್ರು, ಮನಿ ಹಿರೇತನ ಅವನ ಹೆಗಲಿಗೆ ಬಿತ್ತು. ಬೈರಿದೇವರಕೊಪ್ಪದ ಆಚೆ ನಮ್ಮ ಎರಿ ಹೊಲ ಇತ್ತು. ಹತ್ತಿ, ಬಿಳಿಜೋಳ ಬೆಳೀತಿದ್ವಿ. ಐವತ್ತರ ದಶಕದ ಕೊನಿ ಅದು. ಹುಬ್ಬಳ್ಳಿ ಹತ್ತಿ ಸಾವಕಾರ ಒಬ್ರು ಟ್ರ್ಯಾಕ್ಟರ್ ತರಿಸಿದ್ರು. ಎರಿ ಮಣ್ಣಿನ್ಯಾಗ ಕರಕಿ ಹುಲ್ಲಿನ ಬೇರು ಕೈಯುದ್ದ ಕೆಳಗ ಇಳದಿರತಾವು, ಎತ್ತಿನ ರಂಟಿಗೆ ಅವು ಬಗ್ಗಂಗಿಲ್ಲ. ಅದಕ್ಕ ಬ್ಯಾಸಗಿಯೊಳಗ ಸುತ್ತಲಿನ ರೈತರು ಆ ಟ್ರ್ಯಾಕ್ಟರ್ ಬಾಡಿಗಿಗೆ ತಂದು ಹೊಲಾ ಆಳಕ್ಕ ಹೊಡಸತಿದ್ರು. ಅದರ ಡ್ರೈವರ್ ನಮ್ಮಣ್ಣ.

ಅವ ಟ್ರ್ಯಾಕ್ಟರ್ ಹೊಡ್ಯೂದು ನೋಡಬೇಕಿತ್ರಿ ನೀವು. ಒಂದು ಕೈ ಸ್ಟೇರಿಂಗ್ ಮ್ಯಾಲ, ಒಂದು ಕೈ ಮಡ್‌ಗಾರ್ಡ್ ಮ್ಯಾಲ, ಕುತ್ತಿಗಿ ಹಿಂದ ಹೊಳ್ಳಿಸಿ ಸಾಲು ನೋಡಕೋತ ಹೊಂಟ್ರ ಹೊಲದ ಆ ತುದಿತನಕ ಸಾಲು ನೆಟ್ಟಗ, ಒಂದು ಬಟ್ಟು ಅತ್ತಿತ್ತ ಇಲ್ಲ. ಇಂಜಿನ್ ಜೋಡಿ ಎತ್ತಿನ ಜೋಡಿ ಮಾತಾಡಿದಂಗ ಮಾತಾಡತಿದ್ದ. ತಿರುವಿನ್ಯಾಗ "ಹೋಯ್ ಹೋಯ್, ಸಾವಕಾಶ" ಅಂತಿದ್ದ. ಸಂಜಿಮುಂದ ಮೈತುಂಬ ಕರಿ ಧೂಳು ಬಡಕೊಂಡು ಬರತಿದ್ದ, ಬರೇ ಕಣ್ಣು, ಹಲ್ಲು ಕಾಣತಿದ್ದುವು. ನಮ್ಮ ವೈನಿ, ಅಂದ್ರ ಅವನ ಹೆಂಡತಿ, ಬಾಗಲಾಗ ನಿಂತು "ಬರ್ರಿ ಬರ್ರಿ, ಯಾವ ಊರಾವ್ರು ನೀವು? ನಮ್ಮ ಮನ್ಯಾವ್ರು ಇನ್ನೂ ಬಂದಿಲ್ಲ" ಅಂತ ಚಾಷ್ಟಿ ಮಾಡತಿದ್ಲು. ಅಣ್ಣ ನಗತಿದ್ದ. ಅಷ್ಟು ಖುಷಿಲೆ ನಗೂ ಮನಷ್ಯಾನ್ನ ನಾ ಮತ್ತ ನೋಡಿಲ್ಲ.

ಹತ್ತಿ ಸುಗ್ಗಿಯೊಳಗ ಒಂದಿನ ಪ್ಯಾಟ್ಯಾಗ ಲಾರಿ ಮ್ಯಾಲಿಂದ ಹತ್ತಿ ಒತ್ತಿ ತುಂಬಿದ ದೊಡ್ಡ ಅಂಡಗಿ ಚೀಲ ಒಂದು ಜಾರಿ ಅವನ ಎಡಗಾಲಿನ ಮ್ಯಾಲ ಬಿತ್ತು. ಮೊಣಕಾಲು ನುಗ್ಗಾತು. ನಾಕು ತಿಂಗಳು ದವಾಖಾನಿ, ಮನಿ, ಮತ್ತ ದವಾಖಾನಿ. ಕಾಲು ಉಳೀತು ಖರೇ, ಆದ್ರ ಮಡಚಾಕ ಬರವಲ್ದು, ಪಾದದಾಗ ಕಸುವು ಇಲ್ಲ. ಕ್ವಾಲು ಹಿಡದು ನಡೀಬಹುದು, ಅಷ್ಟ. ಟ್ರ್ಯಾಕ್ಟರ್ ಹೊಡಿಯಾಕ ಎಡಗಾಲಿಲೆ ಕ್ಲಚ್ ಒತ್ತಬೇಕು. ಗೇರ್ ಹಾಕೂ ಮುಂದ ಒತ್ತಬೇಕು, ನಿಲ್ಲಸೂ ಮುಂದ ಒತ್ತಬೇಕು, ಒತ್ತಿದ್ದನ್ನ ಸಾವಕಾಶ ಬಿಡಬೇಕು. ಸಾವಕಾರರು ಬ್ಯಾರೆ ಡ್ರೈವರನ್ನ ಇಟಗೊಂಡ್ರು. ತಪ್ಪೇನಿಲ್ಲ ಅವರದು.

ಆಮ್ಯಾಲ ಅಣ್ಣ ಮಾತು ಕಡಿಮಿ ಮಾಡಿದ. ನಾ ಊರಿಗೆ ಹೋದಾಗೊಮ್ಮೆ ಅವ ಕೇಳೂದು ಒಂದಽ ಮಾತು. "ಈ ವಾರ ಗ್ಯಾರೇಜಿಗೆ ಯಾವ ಟ್ರ್ಯಾಕ್ಟರ್ ಬಂದಿತ್ತು?" ನಾ ಹೇಳತಿದ್ದೆ. ಏನು ಕೆಟ್ಟಿತ್ತು, ಹ್ಯಾಂಗ ಬಿಚ್ಚಿದೆ, ಎಲ್ಲಾ ಹೇಳತಿದ್ದೆ. ಅವ ಕಣ್ಣು ಮುಚಗೊಂಡು ಕೇಳತಿದ್ದ.

ಅವನ ಎದಿಗೆ ಚುಚ್ಚಿದ್ದು ಇನ್ನೊಂದೈತಿ. ನಮ್ಮ ಕಡೆ ಮುಂಗಾರಿ ಬಿತ್ತಿಗಿ ಮುಂಚೆ ಹೊಲದ ಮೊದಲನೇ ಸಾಲು ಮನಿ ಹಿರ್ಯಾನಽ ಹೊಡೀಬೇಕು. ಜಳಕಾ ಮಾಡಿ, ವಿಭೂತಿ ಹಚಗೊಂಡು, ಬರಿಗಾಲಿಲೆ. ಎರಡನೇ ಸಾಲಿನಿಂದ ಆಳಿಗೆ ಬಿಡಬಹುದು, ಮೊದಲನೇದಲ್ಲ. ಕಾಲು ಹೋದ ಮ್ಯಾಲ ಆ ಸಾಲು ನಾ ಹೊಡಿಯಾಕತ್ತೆ. ಎತ್ತಿನ ರಂಟಿ ಹಿಡದು ನಾ ಹೊಂಟ್ರ, ಅಣ್ಣ ಬದುವಿನ ಮ್ಯಾಲ ಕ್ವಾಲು ಊರಿ ನಿಂತು ಬ್ಯಾರೆ ಕಡೆ ನೋಡತಿದ್ದ.

ಅರವತ್ತರ ದಶಕ ಮುಗ್ಯಾಕ ಬಂದಿತ್ತು. ಒಂದೆರಡು ವರ್ಷ ಹತ್ತಿ ಛಲೋ ಬಂತು. ಅಣ್ಣ ಸ್ವಂತ ಟ್ರ್ಯಾಕ್ಟರ್ ತರೂದಂತ ಮಾಡಿದ. ಆವಾಗ ಟ್ರ್ಯಾಕ್ಟರ್ ಅಂದ್ರ ಹೆಸರು ಬರಸಿ ವರ್ಷಗಟ್ಟಲೆ ಕಾಯಬೇಕು. ಹುಬ್ಬಳ್ಳಿ ಏಜೆಂಟರ ಕಡೆ ಬರಸಿದ್ದ ಹೆಸರು ಅದಽ ಹೊತ್ತಿಗೆ ಪಾಳಿಗೆ ಬಂತು. ಗೇರಿನ ಗಾಡಿ, ಗಟ್ಟಿ ಗಾಡಿ, ನಾ ಹತ್ತಾರು ಸರತಿ ಬಿಚ್ಚಿ ಕೂಡಿಸಿದ ಜಾತಿದು. ಬೇಕೋ ಬ್ಯಾಡೋ ಎಂಟು ದಿನದಾಗ ಹೇಳ್ರಿ ಅಂದ್ರು.

ಅದಽ ವಾರ ಇನ್ನೊಂದು ಸುದ್ದಿ ಬಂತು. ಧಾರವಾಡದ ಕೆಲಗೇರಿ ಕೆರಿ ಆಚೆ ಬಯಲಿನ್ಯಾಗ ಪರದೇಶದ ಒಂದು ಟ್ರ್ಯಾಕ್ಟರ್ ತಂದು ಓಡಿಸಿ ತೋರಸಾಕತ್ತಾರ, ಅದಕ್ಕ ಗೇರಽ ಇಲ್ಲಂತ, ಎಣ್ಣಿ ಒತ್ತಡದಲೇ ಗಾಲಿ ತಿರಗತಾವಂತ, ತೋರಿಸಿ ಮುಗದ ಮ್ಯಾಲ ಇಲ್ಲೇ ಯಾರಿಗರ ಕೊಟ್ಟು ಹೋಗ್ತಾರಂತ. ಎರಡಕ್ಕೂ ಕೊಡೂ ರೊಕ್ಕ ಹೆಚ್ಚೂ ಕಡಿಮಿ ಅಷ್ಟಽ.

ಅಣ್ಣ ನನ್ನ ಗ್ಯಾರೇಜಿಗೆ ಬಂದ. ಎಂದೂ ಬರದಾಂವ, ಕ್ವಾಲು ಊರಕೋತ ಬಂದ. ಟಾಯರಿನ ಮ್ಯಾಲ ಕುಂತು, "ಗೇರ್ ಇಲ್ಲ ಅಂದ್ರ ಕ್ಲಚ್ಚೂ ಇರಬಾರದಲ್ಲೋ?" ಅಂದ. "ನೀ ಹೋಗಿ ನೋಡಿ ಬಾ. ಇದರಾಗ ನನಗೇನು ತಿಳೀತೈತಿ. ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ಹೋದೆ. ಬಯಲಿನ್ಯಾಗ ಐವತ್ತು ಅರವತ್ತು ಮಂದಿ ಸೇರಿದ್ರು. ಮುಂಬಯಿಂದ ಬಂದ ಕಂಪನಿ ಮನಷ್ಯಾ ಹಿಂದಿಯೊಳಗ ಹೇಳಾಕತ್ತಿದ್ದ. ನಾ ಮೆಕ್ಯಾನಿಕ್ ಅಂತ ಗೊತ್ತಾದ ಕೂಡಲೇ, "ಬರ್ರಿ, ನೀವಽ ಓಡಸ್ರಿ" ಅಂತ ಹತ್ತಿಸಿದ. ಸೀಟಿನ ಮ್ಯಾಲ ಕುಂತು ಮೊದಲ ನಾ ನೋಡಿದ್ದು ಎಡಗಾಲಿನ ಕಡೆ. ಏನೂ ಇಲ್ರಿ ಅಲ್ಲೆ. ಬ್ರೇಕು ಬಲಗಡೆ. ಎಡಗಡೆ ಬರೇ ಕಾಲಿಡೂ ಪಟ್ಟಿ. ಬಲಗೈಗೆ ಒಂದು ಹಿಡಿಕಿ. ಮುಂದ ನೂಕಿದೆ, ಮುಂದ ಹೊಂಟ್ತು. ಇನ್ನಷ್ಟು ನೂಕಿದೆ, ಜೋರಾತು. ನಡುವ ತಂದೆ, ನಿಂತು ಬಿಡ್ತು. ಹಿಂದ ಎಳದೆ, ಹಿಂದ ಸರೀತು. ಕುಲುಕಾಟಿಲ್ಲ, ಜಗ್ಗಾಟಿಲ್ಲ. ನನ್ನ ಎಡಗಾಲು ಅಲ್ಲೆ ಪಟ್ಟಿ ಮ್ಯಾಲ ಹೆಂಗಿಟ್ಟಿದ್ದೆ ಹಂಗಽ ಇತ್ತು. ಅಣ್ಣ ಇದನ್ನ ಹೊಡೀತಾನ, ನಾಳೆನಽ ಹೊಡೀತಾನ ಅಂತ ನನ್ನ ಮನಸ್ಸಿಗೆ ಬಂತು. ಎದಿ ತುಂಬಿ ಬಂತು. ಇದು ಸುಳ್ಳಲ್ಲ.

ಇಳದು ಬಂದು ರೂಢಿ ಪ್ರಕಾರ ಸ್ಕ್ರೂಡ್ರೈವರ್ ತಗದು ಕಿವಿಗೆ ಹಚ್ಚಿದೆ. ಹಲ್ಲಿನ ಸಪ್ಪಳಿಲ್ಲ, ಬೇರಿಂಗಿನ ಸಪ್ಪಳಿಲ್ಲ. ಸುಂಯ್ ಅಂತ ಒಂದಽ ದನಿ. ಛಲೋ ಇದ್ರೂ ಅದಽ ದನಿ, ಕೆಟ್ರೂ ಅದಽ ದನಿ ಇರಬೇಕು ಅನಿಸ್ತು. "ಇದರ ಮುಚ್ಚಳ ಸ್ವಲ್ಪ ಬಿಚ್ಚಿ ತೋರಸ್ರಿ" ಅಂದೆ. ಆ ಮನಷ್ಯಾ ನಕ್ಕ. ಇದನ್ನ ಇಲ್ಲೆ ಬಿಚ್ಚಾಕ ಬರಂಗಿಲ್ಲ, ಧೂಳಿನ ಒಂದು ಕಣ ಒಳಗ ಹೋದ್ರ ಪಂಪ್ ಖಲಾಸ, ಕೆಟ್ರ ಪೂರಾ ಇಳಿಸಿ ಮುಂಬಯಿಗೆ ಕಳಸಬೇಕು ಅಂದ. ಸುತ್ತಲಿನ ಮಂದಿನೂ ನಕ್ರು. ನನ್ನ ಕೈಯಾಗ ಸ್ಕ್ರೂಡ್ರೈವರ್ ಹಂಗಽ ಇತ್ತು.

ಆಮ್ಯಾಲ ಆಳದ ರಂಟಿ ಕಟ್ಟಿ ಹೊಡದು ತೋರಿಸಿದ್ರು. ಗೇರಿನ ಗಾಡಿಯಷ್ಟು ಎಳೀಲಿಲ್ಲ. ಎಣ್ಣಿ ಕಾಯ್ತು, ಸ್ವಲ್ಪ ಹೊತ್ತು ನಿಲ್ಲಿಸಿದ್ರು. ಬ್ಯಾಡ ಅನ್ನಾಕ ಒಂದು ಖರೇ ಕಾರಣ ಸಿಕ್ತು ನನಗ. ಆದ್ರ ಅದು ಅಂಥಾ ದೊಡ್ಡ ಕಾರಣ ಅಲ್ಲ. ನಮ್ಮ ಹೊಲದಾಗ ಕರಕಿ ಎಂದೋ ಸತ್ತು ಹೋಗಿತ್ತು, ಆಳದ ರಂಟಿ ಬೇಕಿರಲಿಲ್ಲ. ಒಂದು ಕೆಲಸಾ ಎರಡು ದಿನದ ಬದಲಿ ಮೂರು ದಿನಾ ಆಕ್ಕಿತ್ತು, ಅಷ್ಟ.

ವಾಪಸ್ ಬರೂ ಬಸ್ಸಿನ್ಯಾಗ ನನಗ ಬ್ಯಾರೆ ಚಿಂತಿ. ನಾಳೆ ಈ ಗಾಡಿ ನಮ್ಮ ಹೊಲದಾಗ ನಿಂತ್ರ ಏನು ಮಾಡ್ಲಿ? ನಾ ಪಾನಾ ಹಿಡಕೊಂಡು ಸುತ್ತ ತಿರಗಬೇಕು, ಕೈ ಹಚ್ಚಾಕ ಬರಬಾರದು. ಹುಬ್ಬಳ್ಳಿ ಮಂದಿಯ ಗಾಡಿ ಎಲ್ಲಾ ರಿಪೇರಿ ಮಾಡೂ ಮನಷ್ಯಾಗ ಸ್ವಂತ ಅಣ್ಣನ ಗಾಡಿ ಬರಲಿಲ್ಲ ಅಂತ ಕಮರಿಪೇಟಿ ತುಂಬ ನಗತಾರ. ಹೌದ್ರಿ, ಇಷ್ಟ ನನ್ನ ಚಿಂತಿ. ಥೂ ಅಂತೀರಿ? ಅನ್ರಿ. ನಾ ನನಗ ಅದಕ್ಕಿಂತ ಕೆಟ್ಟದ್ದು ಅಂದುಕೊಂಡೀನಿ.

ಮನಿಗೆ ಹೋದ್ರ ಪಡಸಾಲ್ಯಾಗ ಮಂದಿ ಕುಂತಿದ್ರು. ವೈನಿಯ ಅಪ್ಪ, ಬಾಜೂ ಹೊಲದಾವ್ರು ಇಬ್ರು, ಮತ್ತ ಅಣ್ಣ. ಟ್ರ್ಯಾಕ್ಟರ್ ಮಾತು ಕೇಳಾಕಂತನಽ ಬಂದಿದ್ರು. ವೈನಿ ಚಹಾ ತಂದು ಕೊಟ್ಟು ಅಡಗಿಮನಿ ಬಾಗಲಾಗ ನಿಂತ್ಲು. ಅಣ್ಣ ನನ್ನ ಮಾರಿನಽ ನೋಡಾಕತ್ತಿದ್ದ.

"ಎಳ್ಯೂದಿಲ್ಲ ಅದು. ಎಣ್ಣಿ ಕಾಯತೈತಿ. ನಮ್ಮ ಎರಿ ಹೊಲಕ್ಕ ಆಗಂಗಿಲ್ಲ" ಅಂದೆ.

"ಅದು ಹೋಗ್ಲಿ. ಕ್ಲಚ್?" ಅಂದ ಅಣ್ಣ.

"ಗೇರ್ ಇಲ್ಲ ಖರೇ. ಆದ್ರ ಎಡಗಡೆ ಪೆಡಲ್ ಐತಿ. ಒತ್ತಲಾರದ ನಡ್ಯಾಂಗಿಲ್ಲ."

ಬಾಯಿಂದ ಬಂದೇ ಹೋತು. ಮೊದಲ ಲೆಕ್ಕ ಹಾಕಿ ಹೇಳಿದ್ದಲ್ಲ ಅಂತ ನಾ ಹೇಳಿದ್ರ ನಂಬತೀರೋ ಇಲ್ಲೋ. ಪಡಸಾಲ್ಯಾಗಿನ ಮಂದಿ ಎಲ್ಲಾ, "ಮೆಕ್ಯಾನಿಕ್ ಹೇಳಿದ ಮ್ಯಾಲ ಮುಗೀತು ಬಿಡ್ರಿ" ಅಂದ್ರು. ಅಣ್ಣ ಚಹಾದ ಬಟ್ಟಲಾ ಕೆಳಗಿಟ್ಟ. "ಹಂಗಾದ್ರ ಗೇರಿನದಽ ಇರಲಿ" ಅಂದ. ಎದ್ದು ಕ್ವಾಲು ಹುಡುಕಿ ಒಳಗ ಹೋದ.

ಎಂಟು ದಿನದಾಗ ಅವ ನನ್ನ ಮೂರು ಸರತಿ ಕೇಳಿದ. ಎರಡು ದಿನಾ ಬಿಟ್ಟು ಗ್ಯಾರೇಜಿಗೆ ಮತ್ತ ಬಂದು, "ಇನ್ನೇನರ ಹೇಳೂದೈತೇನೋ?" ಅಂದ. ಏನಿಲ್ಲ ಅಂದೆ. ಐತವಾರ ಊಟಕ್ಕ ಕುಂತಾಗ ಮತ್ತ, "ಪೂರಾ ನೋಡೀಯಲ್ಲ?" ಅಂದ. ನೋಡೀನಿ ಅಂದೆ. ಏಜೆಂಟರ ಆಫೀಸಿನ್ಯಾಗ ಸಹಿ ಮಾಡೂ ಮುಂದ ಪೆನ್ನು ಕೈಯಾಗ ಹಿಡದು ನನ್ನ ಕಡೆ ಹೊಳ್ಳಿ, "ಮಾಡ್ಲ್ಯಾ?" ಅಂದ. ನನಗ ಸಿಟ್ಟು ಬಂತು. "ಎಷ್ಟು ಸರತಿ ಕೇಳತಿ? ನನ್ನ ಮ್ಯಾಲ ನಂಬಿಕಿಲ್ಲೇನು?" ಅಂತ ಮಂದಿ ಮುಂದ ಒದರಿದೆ. ಅಣ್ಣ ತಲಿ ಬಗ್ಗಿಸಿ ಸಹಿ ಮಾಡಿದ.

ಗೇರಿನ ಟ್ರ್ಯಾಕ್ಟರ್ ಬಂತು. ವೈನಿ ಆರತಿ ಮಾಡಿದ್ಲು. ಮುಂಗಾರಿ ಮೊದಲನೇ ಸಾಲಿನ ದಿನಾ ಅಣ್ಣ ಜಳಕಾ ಮಾಡಿ, ವಿಭೂತಿ ಹಚಗೊಂಡು, ಬರಿಗಾಲಿಲೆ ಬಂದು ನಿಂತ. "ಈ ಸಾಲು ನಾನಽ ಹೊಡೀತೀನಿ. ನೀ ಕೆಳಗ ಕುಂತು ಕ್ಲಚ್ ಒತ್ತು" ಅಂದ. ನಾನು, ಇನ್ನೊಬ್ರು ಸೇರಿ ಅವನ್ನ ಹತ್ತಿಸಿ ಕುಂದರಿಸಿದ್ವಿ. ಎಡಗಡೆ ಫುಟ್‌ಬೋರ್ಡಿನ ಮ್ಯಾಲ ನಾ ಮುದುಡಿ ಕುಂತು, ಎರಡೂ ಕೈಲೆ ಕ್ಲಚ್ ಹಿಡದೆ. ಅವನ ಸತ್ತ ಕಾಲು ನನ್ನ ಹೆಗಲಿಗೆ ಹತ್ತತಿತ್ತು. "ಒತ್ತು" ಅಂದ, ಒತ್ತಿದೆ. ಗೇರ್ ಹಾಕಿದ. "ಬಿಡು, ಸಾವಕಾಶ" ಅಂದ, ಬಿಟ್ಟೆ. ಗಾಡಿ ಜಿಗೀತು, ಬಂದ್ ಬಿತ್ತು. ಬದುವಿನ ಮ್ಯಾಲ ಯಾರೋ ಕಿಸಕ್ಕನ ನಕ್ರು. ಮತ್ತ ಒತ್ತು, ಮತ್ತ ಬಿಡು. ನಾಕನೇ ಸರತಿ ಹೊಂಟ್ತು. ಅಣ್ಣ ಕುತ್ತಿಗಿ ಹೊಳ್ಳಿಸಿ ಸಾಲು ನೋಡಬೇಕೋ, ಬಗ್ಗಿ ನನಗ ಹೇಳಬೇಕೋ? ಸಾಲು ಸೊಟ್ಟ ಬಂತು. ಹೊಲದ ತುದಿಗೆ ಇಳಿಸಿದಾಗ ಅವ ಆ ಸಾಲನ್ನ ಒಂದು ಗಳಿಗಿ ನೋಡಿದ. "ಸಣ್ಣ ಹುಡುಗರು ಗೀಚಿದಂಗ ಆಗೈತಿ" ಅಂದ.

ನಾ ಸುಮ್ಮ ಕೂಡಲಿಲ್ಲ. ಗ್ಯಾರೇಜಿನ್ಯಾಗ ಒಂದು ಉದ್ದನ್ನ ಕಬ್ಬಿಣದ ಸಳಿ ವೆಲ್ಡಿಂಗ್ ಮಾಡಿ, ಕ್ಲಚ್ ಕೈಲೆ ಎಳ್ಯೂ ಹಂಗ ಮಾಡಿ ತಂದೆ. ಕ್ಲಚ್ಚಿಗೆ ಒಂದು ಕೈ, ಗೇರಿಗೆ ಒಂದು ಕೈ, ಇನ್ನ ಸ್ಟೇರಿಂಗ್ ಯಾರು ಹಿಡೀಬೇಕು? ತಿರುವಿನ್ಯಾಗ ಗಾಡಿ ಬದುವಿಗೆ ಹೋಗಿ ಗುದ್ದಿತು, ಸ್ಟೇರಿಂಗ್ ಅವನ ಎದಿಗೆ ಬಡೀತು. ವೈನಿ ಓಡಿ ಬಂದು ನನ್ನ ಬೈದ್ಲು. "ಇರೂ ಒಂದು ಕಾಲೂ ಮುರದು ಬಿಡ್ರಿ, ಸಮಾಧಾನ ಆಕ್ಕೈತಿ ನಿಮಗ" ಅಂದ್ಲು. ಅಣ್ಣ ಎದಿ ತಿಕ್ಕೊಂಡು, "ಸಾಕು, ತಗದು ಬಿಡು ಅದನ್ನ" ಅಂದ. ಆ ಸಳಿ ತಗದು ನಾ ವಾಪಸ್ ಒಯ್ದೆ. ಒಬ್ಬ ಡ್ರೈವರನ್ನ ಇಟ್ವಿ.

ಮರುವರ್ಷದ ಮುಂಗಾರಿ. ಮೊದಲನೇ ಸಾಲು ಡ್ರೈವರ್ ಹೊಡೀಲಿ ಅಂತ ಅಣ್ಣನಽ ಹೇಳಿದ. ಹಿರ್ಯಾನಽ ಹೊಡೀಬೇಕು ಅಂತ ಯಾರೂ ಮಾತು ತಗೀಲಿಲ್ಲ. ಡ್ರೈವರ್ ಹೊಂಟ, ಅಣ್ಣ, ನಾನು ಬದುವಿನ ಮ್ಯಾಲ ಕುಂತ್ವಿ. ವೈನಿ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ ಬಿಚ್ಚಿದ್ವಿ. ಅಣ್ಣ ಈ ಸರತಿ ಬ್ಯಾರೆ ಕಡೆ ನೋಡಲಿಲ್ಲ, ಟ್ರ್ಯಾಕ್ಟರನ್ನಽ ನೋಡಾಕತ್ತಿದ್ದ. ನೆಲದ ಮ್ಯಾಲಿದ್ದ ಬಲಗೈ ಅವಗ ಗೊತ್ತಿಲ್ಲದಂಗ ಒಂದೀಟ ಮುಂದ, ಒಂದೀಟ ಹಿಂದ ಸರೀತಿತ್ತು. ಅದನ್ನ ನೋಡಿ ನಾ ಕೈಯಾಗಿನ ರೊಟ್ಟಿ ಕೆಳಗಿಟ್ಟೆ.

"ಅಣ್ಣಾ, ಆ ಕೆಲಗೇರಿ ಗಾಡಿಗೆ ಎಡಗಡೆ ಪೆಡಲ್ ಇರಲಿಲ್ಲ" ಅಂದೆ. "ನಾ ಸುಳ್ಳು ಹೇಳಿದೆ. ನನಗ ಬಿಚ್ಚಾಕ ಬರತಿರಲಿಲ್ಲ ಅದು. ಅದಕ್ಕ ಹೇಳಿದೆ."

ಅಣ್ಣ ರೊಟ್ಟಿ ಮುರಕೊಂಡ. ಪಲ್ಯ ಹಚಗೊಂಡ. ಆಮ್ಯಾಲ "ಗೊತ್ತು" ಅಂದ.

"ಏನು ಗೊತ್ತು?"

"ನೀ ಹೇಳಿದ ಮರುದಿನಾನಽ ಹೋಗಿದ್ದೆ. ಕಾಲು ತೋರಸಾಕ ಧಾರವಾಡಕ್ಕ ಹೊಂಟೀನಿ ಅಂತ ಮನ್ಯಾಗ ಹೇಳಿ ಹೋದೆ. ನೀ ಅಂಥಾದ್ದೊಂದು ಪೆಡಲ್ ಐತಿ ಅಂದಿದ್ದ್ಯಲ್ಲ, ಕಣ್ಣಿಲೆ ನೋಡಬೇಕು ಅನಿಸ್ತು. ಆ ಮುಂಬಯಿ ಮನಷ್ಯಾ ಪಾಪ ಛಲೋ ಮನಷ್ಯಾ, ಕೈ ಹಿಡದು ಹತ್ತಿಸಿದ. ರಂಟಿ ಕಟ್ಟಿಕೊಂಡಽ ಎರಡು ಸುತ್ತು ಹೊಡದೆ. ಮೊದಲನೇ ತಿರುವಿನ್ಯಾಗ ಅಂಜಿಕಿ ಬಂತು. ಎರಡನೇದು ಛಲೋ ಹೋತು. ಸಾಲು ನೆಟ್ಟಗ ಬಂದಿತ್ತು." ಇದನ್ನ ಹೇಳೂ ಮುಂದ ಅವನ ಮಾರಿ ಮ್ಯಾಲ ಒಂದು ಕ್ಷಣ ಹಳೇ ನಗು ಬಂದಿತ್ತು.

ನನಗ ಸಿಟ್ಟು ಬಂತು, ಯಾರ ಮ್ಯಾಲಂತ ಕೇಳಬ್ಯಾಡ್ರಿ. "ಹಂಗಿದ್ರ ಅದನ್ನಽ ತಗೋಬೇಕಿಲ್ಲೋ! ನನಗ ಒಂದು ಮಾತು ಹೇಳಬೇಕಿಲ್ಲೋ!" ಅಂತ ಒದರಿದೆ.

"ಹ್ಯಾಂಗ ತಗೋಳ್ಲಿ? ಪಡಸಾಲ್ಯಾಗ ಎಲ್ಲಾರ ಮುಂದ ಹೇಳಿದ್ದಿ. ನಾ ಅದನ್ನ ತಂದು ಈ ಕಾಲಿಲೆ ಹೊಡದ್ರ, ನೀ ಸುಳ್ಳು ಹೇಳಿದ್ದು ಊರಿಗೆಲ್ಲಾ ಕಾಣತಿತ್ತು. ನಾಳೆ ನಿನ್ನ ಕಿವಿ ನಂಬಿ ಯಾರು ಗಾಡಿ ಕೊಡತಿದ್ರು?" ಅಂದ. ಕೈಗೆ ಹತ್ತಿದ ಪಲ್ಯ ಒರಸಿಕೊಂಡು, "ನೀನಽ ಬಂದು ಹೇಳತಿ ಅಂತ ಕಾದೆ. ಹೇಳಿದ್ರ, ನೋಡೂದ್ರಾಗ ತಪ್ಪಾಗಿತ್ತು ಅಂತ ಮಂದಿಗೆ ಹೇಳಿ ಮನಿ ಮಾತು ಮನ್ಯಾಗ ಮುಗಿಸತಿದ್ವಿ. ಎಂಟೂ ದಿನಾ ಕಾದೆ. ಸಹಿ ಮಾಡೂತನಕ ಕಾದೆ" ಅಂದ.

ದನಿಯೊಳಗ ಸಿಟ್ಟಿರಲಿಲ್ಲ. ಇದ್ದಿದ್ರ ನಾ ಕಾಲು ಹಿಡೀತಿದ್ದೆ, ಅವ ನನ್ನ ಬೈತಿದ್ದ, ಏನರ ಒಂದು ಆಕ್ಕಿತ್ತು. ಹಂಗ ಏನೂ ಆಗಲಿಲ್ಲ. ಅವ ಉಳದ ರೊಟ್ಟಿ ಅರಿವ್ಯಾಗ ಗಂಟು ಕಟ್ಟಿದ, ಕ್ವಾಲು ತಗೊಂಡ. "ಎಬ್ಬಸು" ಅಂತ ಕೈ ಚಾಚಿದ.

ಹಿಡದು ಎಬ್ಬಿಸಿದೆ. ನಾ ಅಳಾಕತ್ತಿದ್ದು ಅವ ನೋಡಿದ. ಇಬ್ರೂ ಬದುವಿನ ಗುಂಟ ಮನಿಕಡೆ ಹೊಂಟ್ವಿ, ಅವನ ಕಾಲಿಗೆ ಎಷ್ಟು ಆಗತೈತಿ ಅಷ್ಟು ಸಾವಕಾಶ.